ತಲೆಯ ಮೇಲಿನ ಎರಡು

ಗುಬ್ಬಿಯ ಅಣ್ಣನಿಗೆ ಅಚ್ಚಿನ ಕೆಲಸ ಬಿಟ್ಟರೆ ಬೇರೆ ಪ್ರಪಂಚವಿರಲಿಲ್ಲ. ಅಕ್ಷರ ಕೂದಲೆಳೆಯಷ್ಟು ವಾಲಿದರೂ ಅವನಿಗೆ ಊಟ ಸೇರುತ್ತಿರಲಿಲ್ಲ. ಅಂಥವನ ಕೈಗೆ ನನ್ನ ಲೆಕ್ಕದ ಶೀಟ್ ಕೊಟ್ಟೆನಲ್ಲಾ ಎಂದು ಗುಬ್ಬಿ ಆ ಮಧ್ಯಾಹ್ನ ಹಣೆ ಚಚ್ಚಿಕೊಂಡಳು.

ಗುಬ್ಬಿ ಎನ್ನುವುದು ಮನೆಯವರು ಕರೆಯುವ ಹೆಸರು. ಅವಳು ಫಿಸಿಯೋಥೆರಪಿಸ್ಟ್. ಅತ್ತಿಗೆ ಮೂಳೆ ಡಾಕ್ಟರು. ಅವರ ಕ್ಲಿನಿಕ್ಕಿಗೆ ಭುಜ ಬಿಗಿದು ಕೈ ಎತ್ತಲಾರದೆ ಬಂದವರಿಗೆಲ್ಲ ವ್ಯಾಯಾಮ ಮಾಡಿಸುವವಳು ಇವಳೇ. ಯಾರ ಕೈ ಎಷ್ಟು ಡಿಗ್ರಿ ಹೆಚ್ಚು ಏಳತೊಡಗಿತು ಎಂದು ವರ್ಷವಿಡೀ ಅಳೆದು ಎಕ್ಸೆಲ್‌ಗೆ ತುಂಬಿದ್ದಳು. ಸರಾಸರಿ ಇಪ್ಪತ್ತೊಂಬತ್ತು ಡಿಗ್ರಿ ಬಂದಿತ್ತು. ಮರುದಿನ ಡಾಕ್ಟರುಗಳ ಸಮ್ಮೇಳನದಲ್ಲಿ ಅದರ ಪೋಸ್ಟರ್ ತೂಗುಹಾಕಬೇಕು. ಅಚ್ಚು ಹಾಕುವವನು ಅಣ್ಣ.

ಅತ್ತಿಗೆಯ ಫೋನ್ ಬಂತು. ದನಿ ಕುಣಿಯುತ್ತಿತ್ತು. "ಗುಬ್ಬೀ, ಮೂವತ್ತೇಳು ಡಿಗ್ರಿ ಕಣೇ! ಇವ್ರು ಕಳಿಸಿದ ಪೋಸ್ಟರ್ ಫೋಟೋ ನೋಡ್ದೆ. ನೀನ್ಯಾಕೆ ಇಪ್ಪತ್ತೊಂಬತ್ತು ಅಂದಿದ್ದೆ?"

ಗುಬ್ಬಿ ಫೋನಿಟ್ಟವಳೇ ಓಡಿದಳು. ಏದುಸಿರು ಬಿಡುತ್ತ ಪ್ರೆಸ್ಸಿಗೆ ಬಂದಳು. ಮಸಿಯ ವಾಸನೆ, ಯಂತ್ರದ ಗುಂಯ್ ಸದ್ದು, ಗೋಡೆಯ ಮೇಲೆ ಆಳೆತ್ತರದ ಪೋಸ್ಟರ್, ಅದರ ಮುಂದೆ ಬೀಗುತ್ತ ನಿಂತ ಅಣ್ಣ.

"ಶೀಟ್‌ಗೆ ಏನು ಮಾಡಿದೆ?"

"ಏನೂ ಇಲ್ಲಪ್ಪ. ತೂಕ-ಎತ್ತರದ ಬಿಎಂಐ ಕಾಲಂ ಮೇಲೆ ನೀನು ಕೆಜಿ, ಮೀ, ಪಕ್ಕದಲ್ಲಿ ದಪ್ಪ ಎರಡು ಅಂತ ಹಾಕಿದ್ದೆ. ವರ್ಗ ಅಂದ್ಮೇಲೆ ಎರಡು ತಲೆ ಮೇಲೆ ಪುಟ್ಟದಾಗಿ ಕೂರ್ಬೇಕಲ್ವಾ? ನೋಡೋಕೆ ಅಸಹ್ಯ. ಎರಡು ಇರೋ ಕಡೆಯೆಲ್ಲ ಪುಟ್ಟ ಎರಡು ಹಾಕು ಅಂತ ಒಂದೇ ಏಟಿಗೆ ಒತ್ತಿದೆ."

"ಎಲ್ಲಾ ಕಡೆ?"

"ಎಲ್ಲಾ ಕಡೆ," ಎಂದ ಅಣ್ಣ ಹೆಮ್ಮೆಯಿಂದ.

ಗುಬ್ಬಿ ಶೀಟ್ ತೆರೆದಳು. ಇಪ್ಪತ್ತನಾಲ್ಕು ಇದ್ದಲ್ಲಿ ನಾಲ್ಕರ ಹೆಗಲೇರಿ ಕುಳಿತ ಪುಟ್ಟ ಎರಡು. ಹನ್ನೆರಡು ಇದ್ದಲ್ಲಿ ಒಂದರ ನೆತ್ತಿಯ ಮೇಲೂ ಅದೇ. ಕಂಪ್ಯೂಟರಿಗೆ ಅವು ಈಗ ಸಂಖ್ಯೆಗಳೇ ಅಲ್ಲ, ಬರೀ ಬರಹ. ಅವನ್ನೆಲ್ಲ ಪಕ್ಕಕ್ಕೆ ತಳ್ಳಿ ಉಳಿದವುಗಳ ಸರಾಸರಿಯನ್ನಷ್ಟೇ ಅದು ತೆಗೆದಿತ್ತು. ಇಪ್ಪತ್ತರ ಆಸುಪಾಸಿನಲ್ಲಿ ತಿಣುಕುತ್ತಿದ್ದವರೆಲ್ಲ ಮಾಯ. ಚೆನ್ನಾಗಿ ಕೈ ಎತ್ತಿದವರು ಮಾತ್ರ ಉಳಿದಿದ್ದರು.

"ಪಕ್ಕದ ಪುಟದಲ್ಲಿ ಸರಾಸರಿಯಿಂದ ಯಾರು ಎಷ್ಟು ದೂರ ಅನ್ನೋ ಲೆಕ್ಕ ಇತ್ತಲ್ಲ, ಅಲ್ಲಿ ಸಾಲುಸಾಲಾಗಿ ತಪ್ಪು ಅಂತ ತೋರಿಸಿರ್ಬೇಕಲ್ಲ?"

"ಹ್ಞೂಂ, ಏನೋ ಹ್ಯಾಶ್ ಗುರುತು ಬಂದಿತ್ತು. ಗಲೀಜಾಗಿ ಕಾಣ್ತಿತ್ತು, ಬಿಳಿ ಬಣ್ಣ ಕೊಟ್ಟೆ."

ಗುಬ್ಬಿ ಅಲ್ಲೇ ಕಾಗದದ ಕಟ್ಟಿನ ಮೇಲೆ ಕುಸಿದು ಕೂತಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಅಣ್ಣಾ, ಬೆಂಕಿ ಬಿದ್ದಿದೆ ಅಂತ ಗಂಟೆ ಹೊಡೆದ್ರೆ ಗಂಟೆಗೆ ಬಟ್ಟೆ ಸುತ್ತೋನು ನೀನು!"

ಪುಟ್ಟ ಎರಡನ್ನೆಲ್ಲ ಮತ್ತೆ ದೊಡ್ಡದು ಮಾಡಿದಳು. ಇಪ್ಪತ್ತೊಂಬತ್ತು ಮರಳಿ ಬಂತು. ಅಷ್ಟರಲ್ಲಿ ಅತ್ತಿಗೆಯೂ ಬಂದರು. ನಡೆದದ್ದನ್ನು ಕೇಳಿಸಿಕೊಂಡು ಪೋಸ್ಟರಿನ ಅಂಚು ಸವರಿದರು.

"ಅಚ್ಚಾಗಿಹೋಗಿದೆಯಲ್ಲೇ. ನಾಳೆ ಯಾರು ಶೀಟ್ ತೆಗೆದು ನೋಡ್ತಾರೆ?"

ಗುಬ್ಬಿಯ ಸಿಟ್ಟು ನೆತ್ತಿಗೇರಿತು. "ಅತ್ತಿಗೆ, ಯಾರ್ಯಾರು ಬಿಟ್ಟುಹೋಗಿದ್ದಾರೆ ನೋಡಿ. ಆ ದರ್ಜಿ. ಬಾಚಣಿಗೆ ಹಿಡಿದು ಮಗಳಿಗೆ ಜಡೆ ಹಾಕೋಕಾಗಲ್ಲ ಅಂತ ನಿಮ್ಮ ಮುಂದೆ ಅತ್ತೋನು. ಹನ್ನೆರಡು ಡಿಗ್ರಿಗೆ ಅವನು ಬೆವರು ಕಿತ್ತು ಬರೋ ಹಾಗೆ ಒದ್ದಾಡಿದ್ದಾನೆ. ಅವನು ನಮ್ಮ ಕ್ಲಿನಿಕ್ಕಿಗೆ ಬರಲೇ ಇಲ್ಲ ಅಂತ ಬರೀತೀರಾ? ಹಾಗಿದ್ರೆ ನನ್ನ ಹೆಸರು ತೆಗೀರಿ."

ಅತ್ತಿಗೆಯ ಮುಖ ಕೆಂಪಾಯಿತು. ಬೈಯುತ್ತಾರೆಂದು ಗುಬ್ಬಿ ಸೆಟೆದು ನಿಂತಳು. ಅವರು ಗಂಡನ ಕಡೆ ತಿರುಗಿದರು.

"ರೀ, ಬೇರೆ ಹಾಕಿ."

"ಇಡೀ ಪೋಸ್ಟರ್ರಾ? ಮತ್ತೆ ಆ ದಪ್ಪ ಎರಡು?"

"ಯಾವ ಎರಡಾದ್ರೂ ಸರಿ!" ಎಂದು ಇಬ್ಬರೂ ಒಟ್ಟಿಗೇ ಕೂಗಿದರು.

ಗೊಣಗುತ್ತ, ಎರಡು ಸಲ ಶಾಯಿ ಚೆಲ್ಲಿ, ಕೊನೆಗೂ ಅಣ್ಣ ಹೊಸದನ್ನು ಅಚ್ಚು ಹಾಕಿದ. ಗುಬ್ಬಿ ಒಂದೊಂದು ಅಂಕಿಯನ್ನೂ ಬೆರಳಿಟ್ಟು ಓದಿದ ಮೇಲೆಯೇ ಅದನ್ನು ಸುತ್ತಿಡಲು ಬಿಟ್ಟಳು.

ಸಮ್ಮೇಳನದಲ್ಲಿ ಅವರ ಪೋಸ್ಟರಿನ ಮುಂದೆ ಹೆಚ್ಚು ಜನ ನಿಲ್ಲಲಿಲ್ಲ. ಪಕ್ಕದ ಪೋಸ್ಟರಿನಲ್ಲಿ ಐವತ್ತು ಡಿಗ್ರಿ ಇತ್ತು. ಸಂಜೆಯ ಹೊತ್ತಿಗೆ ಒಬ್ಬ ಹಿರಿಯ ಡಾಕ್ಟರು ಕನ್ನಡಕ ಏರಿಸಿ ಬಗ್ಗಿ ನೋಡಿ, "ಕಡಿಮೆ ಸುಧಾರಿಸಿದೋರನ್ನೂ ಬಿಡದೆ ಹಾಕಿದ್ದೀರಲ್ಲ, ಅವರಿಗೆ ಮುಂದೇನು ಮಾಡ್ತಿದ್ದೀರಿ?" ಎಂದು ಕೇಳಿದರು. ಅತ್ತಿಗೆ ಕುರ್ಚಿ ಎಳೆದು ಅವರನ್ನು ಕೂರಿಸಿ, ದರ್ಜಿಯ ಭುಜದಿಂದಲೇ ಮಾತು ಶುರು ಮಾಡಿದರು. ಮಾತು ಮುಗಿಯುವ ಲಕ್ಷಣ ಕಾಣಲಿಲ್ಲ. ಬೆಳಗಿನಿಂದ ನಿಂತು ಕಾಲು ಸೋತಿದ್ದ ಗುಬ್ಬಿ ಚಪ್ಪಲಿ ಕಳಚಿ, ಗೋಡೆಗೊರಗಿ, ನೆಮ್ಮದಿಯಾಗಿ ಆಕಳಿಸಿದಳು.