ಕಿಟಕಿಯಲ್ಲಿ ಇಲ್ಲದ ಮುಖ

ಹತ್ತು ವರ್ಷದ ಹಿಂದೆ, ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ನಮ್ಮ ಒಂದು ಬೆಡ್‌ರೂಮಿನ ಮನೆಯ ನೆಲದ ಮೇಲೆ ಕೂತು, ಏಳು ವರ್ಷದ ಮಗಳು ದೀಪ್ತಿಗೆ ನಾನೊಂದು ಮಾತು ಕೊಟ್ಟೆ. ಅವಳ ಶಾಲೆ ಮುಗಿಯುವುದರೊಳಗೆ ನಾವು ಮೂವರೂ ಆ ಇಗರ್ಜಿಗೆ ಹೋಗುವುದು, ಕಿಟಕಿಯಲ್ಲಿ ಯಾರಿದ್ದಾರೆಂದು ನಮ್ಮ ಕಣ್ಣಿಂದಲೇ ನೋಡುವುದು. ಅಲ್ಲಿಯವರೆಗೆ ಯಾರೂ ಫೋನಿನಲ್ಲಿ ಹುಡುಕುವಂತಿಲ್ಲ.

ಆ ಕಿಟಕಿ ಇದ್ದದ್ದು ಒಂದು ಜಿಗ್ಸಾ ಪಝಲ್‌ನಲ್ಲಿ. ಪಕ್ಕದ ಫ್ಲ್ಯಾಟಿನ ಎಲ್ರಾಯ್ ವೀಸಾ ಕ್ಯಾನ್ಸಲ್ ಮಾಡಿಸಿ ಸಂಸಾರಸಮೇತ ತನ್ನೂರು ಶಿರ್ವಕ್ಕೆ ಹೊರಟಾಗ ನಮಗೆ ದಾಟಿಸಿದ್ದು. ಇಲ್ಲಿಂದ ಕ್ಯಾನ್ಸಲ್ ಆಗಿ ಹೋಗುವವರ ಮನೆ, ಉಳಿದವರ ಮನೆಗಳಿಗೆ ಹಂಚಿಹೋಗುತ್ತದೆ. ನಮ್ಮ ಪಾಲಿಗೆ ಬಂದದ್ದು ಇಸ್ತ್ರಿ ಮೇಜು, ಮುಚ್ಚಳ ಸಡಿಲವಾದ ಕುಕ್ಕರ್, ಮತ್ತು ಐಸ್‌ಕ್ರೀಮ್ ಡಬ್ಬಿಯೊಳಗೆ ಸಾವಿರ ತುಂಡುಗಳು. ಚಿತ್ರವಿದ್ದ ಪೆಟ್ಟಿಗೆ ಯಾವಾಗಲೋ ಹರಿದುಹೋಗಿತ್ತಂತೆ. ವಿಯೆನ್ನಾದ ದೊಡ್ಡ ಇಗರ್ಜಿಯ, ಅಂದರೆ ಚರ್ಚಿನ, ಒಳಗಿನ ಚಿತ್ರ ಎಂದಷ್ಟೇ ಅವನು ಹೇಳಿದ್ದ.

ಅದು ಜುಲೈ, ಇಲ್ಲಿ ಸುಡುವ ಬೇಸಗೆ. ಮಕ್ಕಳನ್ನು ಕೆಳಗೆ ಆಡಲು ಬಿಡುವ ಹಾಗಿಲ್ಲ. ನಾನು ಜೆಬೆಲ್ ಅಲಿಯ ಒಂದು ಸರಕು ಸಾಗಣೆ ಕಂಪನಿಯಲ್ಲಿ ಹಡಗಿನ ಕಾಗದಪತ್ರ ಮಾಡುವವಳು. ಕಂಪನಿ ಬಸ್ಸಿನಿಂದ ಇಳಿದು ಮನೆಗೆ ಬಂದು, ಬ್ಯಾಗನ್ನೂ ಇಡದೆ ಅವಳ ಜೊತೆ ನೆಲಕ್ಕೆ ಕೂರುತ್ತಿದ್ದೆ. ತಿಂಗಳ ಕೊನೆಗೆ ಚಿತ್ರ ಎದ್ದು ನಿಂತಿತು. ಮೇಲಕ್ಕೆ ಹೋಗಿ ಕಾಣದಾಗುವ ಕಲ್ಲಿನ ಕಂಬಗಳು, ಆಚೆ ತುದಿಯಲ್ಲಿ ಕಪ್ಪು ಮತ್ತು ಬಂಗಾರ ಬಣ್ಣದ ದೊಡ್ಡ ಪೀಠ, ಮುಂದೆ ಲೇಸ್ ಹೆಣೆದ ಹಾಗೆ ಕೆತ್ತಿದ ಕಲ್ಲಿನ ಪ್ರವಚನ ವೇದಿಕೆ. ಅದರ ಮೆಟ್ಟಿಲ ಕಟಾಂಜನದ ಮೇಲೆ ಕಲ್ಲಿನ ಕಪ್ಪೆಗಳು, ಹಲ್ಲಿಗಳು. ಮೆಟ್ಟಿಲ ಕೆಳಗೊಂದು ಪುಟ್ಟ ಕಿಟಕಿ, ಅದರ ಬಾಗಿಲು ಅರ್ಧ ತೆರೆದಿದೆ. ಕಿಟಕಿಯ ನಡುವೆ ಒಂದು ತೂತು. ಸಾವಿರದಲ್ಲಿ ಆ ಒಂದೇ ತುಂಡು ಇರಲಿಲ್ಲ.

'ಯಾರೋ ಇದ್ದಾರೆ ಅಮ್ಮ, ಕೈ ಕಾಣ್ತದೆ' ಎಂದು ದೀಪ್ತಿ ಅಳಲು ಶುರುಮಾಡಿದಾಗ ನಾನು ಆ ಮಾತು ಕೊಟ್ಟದ್ದು.

ಗಂಡ ಗುಣಪಾಲ ಅದನ್ನು ಪ್ಲೈವುಡ್ಡಿಗೆ ಅಂಟಿಸಿ ಹಾಲ್‌ನಲ್ಲಿ ತೂಗುಹಾಕಿದರು. ತೂತು ನೋಡಲು ಚಂದವಿಲ್ಲವೆಂದು ದೀಪ್ತಿ ತನ್ನದೊಂದು ಪಾಸ್‌ಪೋರ್ಟ್ ಫೋಟೊದ ಮುಖ ಕತ್ತರಿಸಿ ಅಲ್ಲಿಗೆ ಅಂಟಿಸಿದಳು. ಗಲ್ಫಿನ ಮನೆಯಲ್ಲಿ ಅಕ್ಕಿ ಖಾಲಿಯಾಗಬಹುದು, ಬಿಳಿ ಹಿನ್ನೆಲೆಯ ಪಾಸ್‌ಪೋರ್ಟ್ ಫೋಟೊ ಖಾಲಿಯಾಗುವುದಿಲ್ಲ. ಪ್ರತಿ ಸಲ ವೀಸಾ ರಿನೀವಲ್ ಆದಾಗಲೂ ಕಿಟಕಿಗೆ ಹೊಸ ಮುಖ ಬಂತು. ಹಲ್ಲು ಬಿದ್ದ ದೀಪ್ತಿ, ಮೀಸೆ ತೆಗೆದ ಗುಣಪಾಲ, ಒಮ್ಮೆ ನಾನು. ನನ್ನ ಫೋಟೊ ಇದ್ದ ಎರಡು ವರ್ಷ, ಇಗರ್ಜಿಯಲ್ಲಿ ಯಾರನ್ನೋ ಬೈಯಲು ಕಾಯುತ್ತಿರುವ ಹೆಂಗಸಿನ ಹಾಗೆ ಕಾಣುತ್ತಿದ್ದೆ.

ನನ್ನ ಬೇರೆ ಮಾತುಗಳ ಕತೆ ಹೇಳುವಂಥದ್ದಲ್ಲ. ಅಬುಧಾಬಿಯ ರೀಮ್ ಐಲ್ಯಾಂಡಿನಲ್ಲಿರುವ ನನ್ನ ತಮ್ಮ ಸುಜಿತನ ಮನೆಗೆ, ಅವನ ಕಟ್ಟಡದ ಈಜುಕೊಳಕ್ಕೆ ಕರೆದೊಯ್ಯುತ್ತೇನೆಂದು ಹೇಳಿದ್ದು ಎಷ್ಟು ಸಲವೋ. ಹೊರಡುವ ಹೊತ್ತಿಗೆ ಯಾವುದಾದರೂ ಹಡಗಿನ ಕಾಗದ ಬಾಕಿ ಇರುತ್ತಿತ್ತು. ಶಾಲೆಯ ವಾರ್ಷಿಕೋತ್ಸವ ಎರಡು ತಪ್ಪಿದೆ. ಹತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ, ನಾನು 'ಹೋಗುವ' ಎಂದರೆ ದೀಪ್ತಿ ತಲೆ ಎತ್ತದೆಯೇ 'ಇನ್ಶಾ ಅಲ್ಲಾ' ಎನ್ನುತ್ತಿದ್ದಳು. ಆಫೀಸಿನಲ್ಲಿ ಕೆಲಸ ಆಗುವುದಿಲ್ಲ ಎಂಬುದನ್ನು ಮರ್ಯಾದೆಯಿಂದ ಹೇಳಲು ನಾವು ಬಳಸುವ ಮಾತದು. ಅದನ್ನು ಅವಳು ಕಲಿತದ್ದು ನನ್ನ ಫೋನ್ ಮಾತುಗಳಿಂದಲೇ. ಹಾಗಾಗಿ ಈ ಒಂದು ಮಾತಾದರೂ ನಡೆಯಬೇಕಿತ್ತು. ಮಾರ್ಚಿಗೆ ಅವಳ ಹನ್ನೆರಡನೇ ಕ್ಲಾಸು ಮುಗಿಯುತ್ತದೆ, ಆಮೇಲೆ ಮಣಿಪಾಲದಲ್ಲಿ ಕಾಲೇಜು. ನವೆಂಬರಿನಲ್ಲಿ ನನಗೆ ಸಿಕ್ಕಿದ್ದು ಒಂದು ಶುಕ್ರವಾರದ ರಜೆ. ಶನಿ, ಭಾನುವಾರ ಸೇರಿ ಮೂರು ದಿನ.

ಯೋಜನೆ ನನ್ನದೇ. ಸರಕು ಕಳಿಸುವವಳಿಗೆ ಮೂರು ಜನರನ್ನು ಕಳಿಸುವುದು ಕಷ್ಟವೇ? ಶುಕ್ರವಾರ ಮಧ್ಯಾಹ್ನ ವಿಯೆನ್ನಾ ತಲುಪುವುದು, ಊರು ಸುತ್ತುವುದು. ಶನಿವಾರ ಅರಮನೆ. ಭಾನುವಾರ ಬೆಳಿಗ್ಗೆ ಇಗರ್ಜಿ, ಹನ್ನೊಂದೂ ಮುಕ್ಕಾಲಿಗೆ ಏರ್‌ಪೋರ್ಟಿನ ರೈಲು.

ಶುಕ್ರವಾರ ಸಂಜೆ ಇಗರ್ಜಿಯ ಎದುರಿನಿಂದಲೇ ನಡೆದುಹೋದೆವು. ಬಣ್ಣದ ಹೆಂಚಿನ ಮಾಡು, ಕುತ್ತಿಗೆ ನೋಯುವಷ್ಟು ಎತ್ತರದ ಗೋಪುರ. ಬಾಗಿಲು ತೆರೆದಿತ್ತು, ಜನ ಒಳಗೆ ಹೊರಗೆ ಓಡಾಡುತ್ತಿದ್ದರು. ದೀಪ್ತಿ ನಿಂತಳು. ನಾನು ಬೇಡವೆಂದೆ. ಇವತ್ತು ಶುಕ್ರವಾರ, ಒಳಗೆ ಪೂಜೆಯ ರಶ್ ಇರುತ್ತದೆ, ಭಾನುವಾರ ಆರಾಮವಾಗಿ ನೋಡುವ ಎಂದೆ. ಗುಣಪಾಲರೂ ಹೌದೆಂದು ತಲೆಯಾಡಿಸಿದರು.

ಊರಿನಲ್ಲಿ ಕ್ರಿಶ್ಚಿಯನ್ನರು ಇಗರ್ಜಿಗೆ ಹೋಗುವುದು ಭಾನುವಾರ ಎಂದು ಗೊತ್ತಿಲ್ಲದವರೇನಲ್ಲ ನಾವು. ಆದರೆ ಹತ್ತೊಂಬತ್ತು ವರ್ಷ ದುಬೈಯಲ್ಲಿ ಬದುಕಿದ್ದೇವೆ. ಎಲ್ರಾಯ್ ಇದ್ದಷ್ಟು ಕಾಲ ಇಲ್ಲಿ ವಾರದ ರಜೆ ಶುಕ್ರವಾರ. ಅವನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಇಗರ್ಜಿಗೆ ಹೋಗುತ್ತಿದ್ದದ್ದೂ ಶುಕ್ರವಾರ. ಆಮೇಲೆ ಸರಕಾರ ರಜೆಯನ್ನು ಬದಲಿಸಿತು, ನನ್ನ ತಲೆ ಬದಲಾಗಲಿಲ್ಲ. ಇಗರ್ಜಿ ಎಂದರೆ ಶುಕ್ರವಾರ, ಭಾನುವಾರ ಎಂದರೆ ಅದು ಖಾಲಿ.

ಭಾನುವಾರ ಹತ್ತಕ್ಕೆ ಹೋದರೆ ಬಾಗಿಲ ಹೊರಗೂ ಜನ. ಒಳಗೆ ಅಡ್ಡ ಹಗ್ಗ ಕಟ್ಟಿದ್ದರು. ಪೂಜೆಗೆ ಬಂದವರು ಹಗ್ಗದ ಆಚೆ, ನೋಡಲು ಬಂದವರು ಈಚೆ. ಪ್ರವಾಸಿಗಳಿಗೆ ಮಧ್ಯಾಹ್ನದ ಮೇಲೆ ಎಂದು ಫಲಕ ಹೇಳುತ್ತಿತ್ತು. ನಾವು ನಿಂತಲ್ಲಿಂದ ಕಂಬ ಕಾಣುತ್ತಿತ್ತು, ವೇದಿಕೆಯ ತುದಿಯೂ ಕಾಣುತ್ತಿತ್ತು. ಕಿಟಕಿ ಕಾಣುತ್ತಿರಲಿಲ್ಲ.

ದೀಪ್ತಿ ಜಾಕೆಟ್ಟಿನ ಜಿಪ್ಪನ್ನು ಗಂಟಲವರೆಗೆ ಎಳೆದುಕೊಂಡು, 'ಇಟ್ಸ್ ಓಕೆ ಅಮ್ಮ' ಎಂದಳು. ಅದಕ್ಕಿಂತ ಇನ್ಶಾ ಅಲ್ಲಾ ಅಂದಿದ್ದರೆ ಒಳ್ಳೆಯದಿತ್ತು.

ನಾನು ಹೊರಗೆ ಬಂದು ಎಲ್ರಾಯ್‌ಗೆ ಫೋನ್ ಮಾಡಿದೆ. ಶಿರ್ವದಲ್ಲಿ ಎರಡೂವರೆ ಗಂಟೆ, ಊಟ ಮಾಡಿ ಮಲಗಿದ್ದವನು. ಪೂರ್ತಿ ಕೇಳಿಸಿಕೊಂಡು, ಮೊದಲು ನಕ್ಕು ಮುಗಿಸಿದ.

'ವಾರಿಜಕ್ಕ, ಎಂಟು ವರ್ಷ ನನ್ನ ಪಕ್ಕದ ಮನೆಯಲ್ಲಿದ್ದು ನೀವು ಕಲಿತದ್ದು ಕ್ರಿಸ್ಮಸ್ಸಿನ ಕುಸ್ವಾರ್ ತಿಂಡಿ ತಿನ್ನುದು ಮಾತ್ರ ಅಲ್ವಾ?'

'ನಗುದು ಆಮೇಲೆ ಮಾರಾಯ. ಎಂತ ಮಾಡುದು ಹೇಳು.'

'ಪೂಜೆಗೆ ಅಂತ ಹೇಳಿ ಒಳಗೆ ಹೋಗಿ. ಬೇಡ ಹೇಳುದಿಲ್ಲ ಯಾರೂ. ಪ್ರಸಾದದ ಸಾಲು ಹೊರಡ್ತದಲ್ಲ, ಆಗ ನೀವೂ ಹೋಗಿ. ಆದ್ರೆ ಕೈ ಚಾಚ್ಬೇಡಿ, ಬಾಯಿ ತೆರೀಬೇಡಿ. ಎರಡು ಕೈ ಎದೆ ಮೇಲೆ ಅಡ್ಡ ಇಟ್ಕೊಳ್ಳಿ. ಪಾದ್ರಿ ಆಶೀರ್ವಾದ ಮಾಡಿ ಕಳಿಸ್ತಾರೆ. ತಿರುಗಿ ಬರುವಾಗ ನಿಮ್ಮ ಕಿಟಕಿ ಸಿಗ್ತದಾ ನೋಡಿ.' ಫೋನ್ ಇಡುವ ಮೊದಲು ಸೇರಿಸಿದ: 'ಮತ್ತೆ ಅಕ್ಕ, ಒಳಗೆ ಕೂತ ಮೇಲೆ ಸ್ವಲ್ಪ ಪ್ರಾರ್ಥನೆ ಮಾಡಿ ಆಯ್ತಾ? ಸುಮ್ನೆ ಸುಳ್ಳು ಹೇಳಿ ಹೋದ ಹಾಗೆ ಆಗ್ಬಾರ್ದು.'

ಹಗ್ಗದ ಬಳಿಯ ಹಿರಿಯ ಹೆಂಗಸು, ಪೂಜೆಗೋ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹೌದೆಂದೆ. ಹಗ್ಗ ಸರಿಸಿದರು. ಗುಣಪಾಲರು ತಮ್ಮೂರು ಪಂಜಿನಡ್ಕದ ದೇವಸ್ಥಾನದ ಅಭ್ಯಾಸಬಲದಿಂದ ಶೂ ಕಳಚಲು ಬಗ್ಗಿದ್ದನ್ನು ದೀಪ್ತಿ ತೋಳು ಹಿಡಿದು ಎಬ್ಬಿಸಿದಳು.

ಹಿಂದಿನ ಬೆಂಚಿನಲ್ಲಿ ಕೂತೆವು. ಎಲ್ಲರೂ ಎದ್ದಾಗ ಎದ್ದೆವು. ಆರ್ಗನ್ ಶುರುವಾದಾಗ ಬೆಂಚೇ ನಡುಗಿತು. ಕಂಬಗಳು ಗೋಥಿಕ್ ಕಾಲದವು, ಬಂಗಾರದ ಪೀಠಗಳು ಆಮೇಲೆ ಬಂದ ಬರೋಕ್ ಎಂದು ದೀಪ್ತಿ ಅಪ್ಪನ ಕಿವಿಯಲ್ಲಿ ಹೇಳಿದಳು. ಅಜ್ಜ ಕಟ್ಟಿಸಿದ ಮನೆಗೆ ಮೊಮ್ಮಗ ಬಂದು ಶೋಕೇಸ್ ಹಾಕಿಸಿದ ಹಾಗೆ ಎಂದು ಇವರು ಅರ್ಥಮಾಡಿಕೊಂಡರು. ಮುಂದಿನ ಬೆಂಚಿನ ಅಜ್ಜಿ ತಿರುಗಿ ನೋಡಿದರು, ಇಬ್ಬರೂ ಸುಮ್ಮನಾದರು.

ನಾನು ಕಣ್ಣು ಮುಚ್ಚಿದೆ. ಎಲ್ರಾಯ್ ಹೇಳಿದ್ದು ನೆನಪಿತ್ತು. ಏನು ಬೇಡುವುದೆಂದು ಹೊಳೆಯಲಿಲ್ಲ. ಮನೆಯವರ ಆರೋಗ್ಯ, ಮಗಳ ಪರೀಕ್ಷೆ, ಎಲ್ಲವನ್ನೂ ಒಮ್ಮೆ ಒಪ್ಪಿಸಿ, ಕೊನೆಗೆ ಹನ್ನೊಂದೂ ಮುಕ್ಕಾಲಿನ ರೈಲು ಸಿಗಲಿ ಎಂದೆ. ಆಮೇಲೆ ಎಷ್ಟೋ ಹೊತ್ತು ಏನೂ ಬೇಡದೆ ಕೂತಿದ್ದೆ. ಹೀಗೆ ಕೈಕಟ್ಟಿ ಕೂತು ಎಷ್ಟು ಕಾಲವಾಗಿತ್ತೋ.

ಸಾಲು ಹೊರಟಿತು. ನಾವೂ ಹೊರಟೆವು, ಮೂವರೂ ಕೈಗಳನ್ನು ಎದೆಯ ಮೇಲೆ ಅಡ್ಡ ಇಟ್ಟು. ಪಾದ್ರಿಗಳು ಒಬ್ಬೊಬ್ಬರನ್ನೂ ನೋಡಿ, ಮೆಲ್ಲಗೆ ಏನೋ ಹೇಳಿ, ಗಾಳಿಯಲ್ಲಿ ಶಿಲುಬೆ ಬರೆದು ಕಳಿಸಿದರು. ವಾಪಸ್ಸಿನ ದಾರಿ ಬದಿಯಿಂದ. ವೇದಿಕೆ ಇದ್ದ ಕಂಬದ ಬಳಿ ಸಾಲು ಮುಂದೆ ಸಾಗದಾಯಿತು. ನಿಂತೆವು. ತಲೆ ಎತ್ತಿದರೆ ಕಪ್ಪೆಗಳು, ಹಲ್ಲಿಗಳು. ಅವುಗಳ ಕೆಳಗೆ ಕಿಟಕಿ.

ಅವನಿದ್ದ. ಕಲ್ಲಿನ ಮನುಷ್ಯ, ಕಲ್ಲುಕೆಲಸದವನೇ ಇರಬೇಕು, ಒಂದು ಕೈಯಲ್ಲಿ ಅಳತೆಯ ಕೈವಾರ. ಕಿಟಕಿಯಿಂದ ಅರ್ಧ ಹೊರಬಂದು ನೋಡುತ್ತಿದ್ದ. ಕಣ್ಣ ಕೆಳಗೆ ಚೀಲ, ಕೆನ್ನೆ ಇಳಿದಿದೆ. ಇನ್ನೂ ಎಷ್ಟು ಕೆಲಸ ಬಾಕಿ ಎಂದು ಕೇಳಲು ಇಣುಕಿದವನ ಹಾಗೆ. ನಮ್ಮ ಸಂಜೆಯ ಬಸ್ಸಿನ ಯಾವ ಸೀಟಿನಲ್ಲಿ ಕೂರಿಸಿದರೂ ಹೊಂದುವ ಮುಖ.

ದೀಪ್ತಿ ನನ್ನ ತೋಳನ್ನು ಹಿಡಿದಳು, ಏಳು ವರ್ಷದವಳು ಹಿಡಿಯುತ್ತಿದ್ದ ಹಾಗೆ. ಆಮೇಲೆ ಮೆಲ್ಲಗೆ, 'ಅಮ್ಮ, ನಿನ್ನ ಫೋಟೊವೇ ಕರೆಕ್ಟ್ ಇತ್ತು' ಎಂದಳು.

ಗುಣಪಾಲರು ಮಾತ್ರ ಕಿಟಕಿಯತ್ತ ನೋಡಲೇ ಇಲ್ಲ. ಮಗಳ ಮುಖವನ್ನೇ ನೋಡುತ್ತಿದ್ದರು. ನನಗೆ ಆಗಲೇ ಸಂಶಯ ಬಂತು.

ರೈಲು ಸಿಕ್ಕಿತು. ಕೂತ ಮೇಲೆ ಕೇಳಿದರೆ ಒಪ್ಪಿಕೊಂಡರು. ನಾನು ಮಾತು ಕೊಟ್ಟ ಮರುದಿನವೇ ತಾವು ಕೆಲಸ ಮಾಡುವ ಫ್ಯಾಕ್ಟರಿಯಲ್ಲಿ ಊಟದ ಹೊತ್ತಿಗೆ ಫೋನಿನಲ್ಲಿ ನೋಡಿದ್ದರಂತೆ. ಹತ್ತು ವರ್ಷ ಬಾಯಿ ಬಿಡದೆ ಇದ್ದರಲ್ಲ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದು ಅವರ ದೂರು.

ನಾನು ದೀಪ್ತಿಯತ್ತ ತಿರುಗಿದೆ. 'ನೀನು? ನಿಜ ಹೇಳು. ಬೈಯುದಿಲ್ಲ.'

ಅವಳು ಕಿಟಕಿಯಾಚೆ ನೋಡುತ್ತಲೇ ಹೇಳಿದಳು. ಒಂಬತ್ತನೇ ಕ್ಲಾಸಿನಲ್ಲಿ ಹಿಸ್ಟರಿ ಟೀಚರ್ ಯುರೋಪಿನ ಇಗರ್ಜಿಗಳ ಸ್ಲೈಡ್ ಹಾಕಿದರಂತೆ. ವಿಯೆನ್ನಾ ಎಂದು ಕಂಡದ್ದೇ ಇವಳು ತಲೆಯನ್ನು ಡೆಸ್ಕಿಗೆ ಒತ್ತಿ ಮಲಗಿದಳು. ತಲೆ ಸುತ್ತಿತೆಂದು ತಿಳಿದು ಟೀಚರ್ ಅವಳನ್ನು ನರ್ಸ್ ಬಳಿ ಕಳಿಸಿದರಂತೆ. ನರ್ಸ್ ಕೊಟ್ಟ ಗ್ಲೂಕೋಸ್ ಬಿಸ್ಕತ್ತು ತಿಂದು ಬಂದಳಂತೆ.

'ಮತ್ತೆ ಇನ್ಶಾ ಅಲ್ಲಾ ಅಂತಿದ್ದದ್ದು?'

'ಅದು ಸ್ವಿಮಿಂಗ್ ಪೂಲಿಗೆ ಅಮ್ಮ. ದಿಸ್ ಒನ್ ಐ ಬಿಲೀವ್ಡ್.'

ನಾನು ಬ್ಯಾಗಿನಲ್ಲಿ ಏನೋ ಹುಡುಕುವವಳಂತೆ ತಲೆ ತಗ್ಗಿಸಿದೆ. ಯುರೋಪಿನ ವೀಸಾಕ್ಕೆ ತೆಗೆಸಿ ಉಳಿದಿದ್ದ ಫೋಟೊಗಳು ಕೈಗೆ ಬಂದವು, ಮೂವರದ್ದೂ. ಗುಣಪಾಲರು ತಮ್ಮದನ್ನು ಎತ್ತಿ ಹಿಡಿದು ಇನ್ನು ತಮ್ಮ ಸರದಿ ಎಂದರು. ಮಾತು ಮುರಿದವರಿಗೆ ಕಿಟಕಿ ಇಲ್ಲ, ಖಲಾಸ್, ಎಂದು ದೀಪ್ತಿ ಅದನ್ನು ಕಸಿದುಕೊಂಡಳು.

ಶಾಲೆ ಮುಗಿಯಲು ನಾಲ್ಕು ತಿಂಗಳಿರುವಾಗ ನಾವು ಮೂವರೂ ಹೋಗಿ ನೋಡಿ ಬಂದೆವು. ಕೊಟ್ಟ ಮಾತು ನಡೆಯಿತು.