ರಾಕ್ಷಸನ ಸರದಿ

ಮಾತು ಹೋದ ಮೇಲೆ ನನಗಾಗಿ ತಾಳ್ಮೆಯಿಂದ ಕಾದ ಮೊದಲನೆಯವನು ಒಬ್ಬ ರಾಕ್ಷಸ. ತಮಾಷೆಗೆ ಹೇಳುತ್ತಿಲ್ಲ.

2005ರಲ್ಲಿ, ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನ ಕಸ್ಟಮ್ಸ್ ಕಚೇರಿಯಲ್ಲಿ ಕೂತಿದ್ದಾಗಲೇ ನನಗೆ ಪಕ್ಷವಾತ ಬಡಿಯಿತು. ಬಲಗೈಗಿಂತ ಹೆಚ್ಚು ಪೆಟ್ಟು ಬಿದ್ದದ್ದು ಮಾತಿಗೆ. ಮನಸ್ಸಿನಲ್ಲಿ ಒಂದು ಪದ, ನಾಲಗೆಗೆ ಬರುವಾಗ ಇನ್ನೊಂದು. ನೀರು ಕೇಳಲು ಹೋಗಿ ಚಪ್ಪಲಿ ಕೇಳುತ್ತಿದ್ದೆ. ಬೇರೆಯವರಾದರೆ ಹೇಗೋ ಸುಧಾರಿಸಿಕೊಂಡಾರು, ನಾನೋ ತಾಳಮದ್ದಳೆಯಲ್ಲಿ ಅರ್ಥ ಹೇಳುವವನು. ಕಾಸರಗೋಡಿನಿಂದ ಕೊಚ್ಚಿಗೆ ಬಂದು ನೆಲೆಸಿದ ನಾವು ಕೆಲವು ಮನೆಯವರು ವರ್ಷಕ್ಕೊಂದು ಕೂಟ ನಡೆಸುತ್ತೇವೆ. ಯಕ್ಷಗಾನದ್ದೇ ಪ್ರಸಂಗ, ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡಿದ ಮೇಲೆ ಎದುರುಬದುರು ಕೂತು, ಆ ಕ್ಷಣಕ್ಕೆ ಹೊಳೆದ ಮಾತಿನಲ್ಲೇ ಯುದ್ಧ. ನನ್ನ ಖಾಯಂ ಎದುರಾಳಿ ವಕೀಲ ಕೃಷ್ಣಾನಂದ. ಎದುರಿನವನು ತಡವರಿಸಿದ ಕಡೆ ಬಾಯಿ ಹಾಕುವುದರಲ್ಲಿ ನಿಸ್ಸೀಮ. ಇನ್ನೊಮ್ಮೆ ಆ ಆಸಾಮಿಯೆದುರು ಕೂರಬಲ್ಲೆನೇ ಎಂಬುದೊಂದೇ ನನ್ನ ಚಿಂತೆಯಾಗಿತ್ತು.

ಚಿಕಿತ್ಸೆ ತಿರುವನಂತಪುರದ ಒಂದು ಆಸ್ಪತ್ರೆಯಲ್ಲಿ. ನರ್ಸುಗಳು, ಹೆಂಡತಿ ಪರಮೇಶ್ವರಿ, ನೋಡಲು ಬಂದವರು, ಎಲ್ಲರೂ ಪಾಪ ಎಂದುಕೊಂಡು ನನ್ನ ವಾಕ್ಯವನ್ನು ತಾವೇ ಮುಗಿಸುತ್ತಿದ್ದರು. ಮನೆಮಾತಿನಲ್ಲೇ ಮಾತಾಡಿಸಿ ಎಂದರು ಡಾಕ್ಟರು. ಅಲ್ಲೇ ಕಾಲೇಜಿನಲ್ಲಿದ್ದ ಮಗಳು ನವ್ಯಾ ಪೇಚಿಗೆ ಸಿಕ್ಕಿದಳು. ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ ಕೊಡುವ ಹುಡುಗಿ ಅದು. ಮರುದಿನ ಗೆಳತಿಯ ಅಣ್ಣ ಗಲ್ಫಿನಿಂದ ತಂದಿದ್ದ ಅಂಗೈಯಗಲದ ಗೇಮ್ ಯಂತ್ರವನ್ನು ಹಿಡಿದುಕೊಂಡು ಬಂದಳು.

ಆಟದಲ್ಲಿ ನಮ್ಮ ಕಡೆ ಮೂವರು ಪಯಣಿಗರು, ದಾರಿಯುದ್ದಕ್ಕೂ ರಾಕ್ಷಸರು. ನಮ್ಮ ಸರದಿಯಲ್ಲಿ ನಾವೊಂದು ಆಜ್ಞೆ ಕೊಡಬೇಕು, ಆಮೇಲೆ ರಾಕ್ಷಸನ ಸರದಿ.

"ಹೊಡಿ, ತಡೆ, ಮದ್ದು. ಇಷ್ಟೇ ಅಪ್ಪ. ನೀವು ಹೇಳುದು, ನಾನು ಒತ್ತುದು," ಎಂದಳು.

ನಾನು ಹೇಳಹೊರಟದ್ದು ಹೊಡಿ ಎಂದು, ಬಾಯಿಗೆ ಬಂದದ್ದು ಮದ್ದು. ಮಗಳು ದಯೆದಾಕ್ಷಿಣ್ಯವಿಲ್ಲದೆ ಅದನ್ನೇ ಒತ್ತಿದಳು. ಮದ್ದು ಹೋಗಿ ರಾಕ್ಷಸನಿಗೇ ಬಿತ್ತು, ಅವನು ದಷ್ಟಪುಷ್ಟನಾಗಿ ಎದ್ದು ನಿಂತ. ಹಾಸಿಗೆ ಹಿಡಿದ ಮೇಲೆ ನಾನು ಮೊದಲ ಸಲ ನಕ್ಕದ್ದು ಆಗ. ಮುಂದಿನ ಸರದಿಗೆ ಪದ ಹುಡುಕುತ್ತಾ ಕೂತೆ. ನರ್ಸು ಬಂದು ಇಂಜೆಕ್ಷನ್ ಚುಚ್ಚಿ ಹೋದಳು, ಗಂಜಿ ಬಂತು, ಪರಮೇಶ್ವರಿ ಬಾಯಿ ಒರೆಸಿದಳು. ರಾಕ್ಷಸ ಕತ್ತಿಯೆತ್ತಿದವನು ಎತ್ತಿಕೊಂಡೇ ಇದ್ದ. ಯಾವ ದೇಶದ ಯಾವ ಪುಣ್ಯಾತ್ಮರು ಆ ಆಟ ಮಾಡಿದರೋ, ಅವರ ಹೊಟ್ಟೆ ತಣ್ಣಗಿರಲಿ.

ಕೊಚ್ಚಿ ಪಕ್ಕದ ತ್ರಿಪ್ಪುಣಿತ್ತುರದ ಮನೆಗೆ ಮರಳಿದ ಮೇಲೆ, ರಜೆಗೆ ಬಂದ ನವ್ಯಾಳ ಜೊತೆ ಅದೇ ಸರಣಿಯ ಎರಡನೆಯ ಆಟ ಬಂತು. ಅದರಲ್ಲೂ ಸರದಿ ಇತ್ತು, ಆದರೆ ಯಾರೂ ಕಾಯುತ್ತಿರಲಿಲ್ಲ. ಪ್ರತಿಯೊಬ್ಬನ ಹೆಸರಿನ ಕೆಳಗೆ ಒಂದು ಗೆರೆ ತುಂಬುತ್ತಾ ಬರುತ್ತದೆ, ತುಂಬಿದವನು ಹೊಡೆಯುತ್ತಾನೆ. ನಾನು "ತ... ತ..." ಎನ್ನುವಷ್ಟರಲ್ಲಿ ನಮ್ಮ ಮೂವರೂ ನೆಲಕ್ಕೆ. ಯಂತ್ರವನ್ನು ಕಿತ್ತುಕೊಂಡು ಹಾಸಿಗೆಗೆ ಬಿಸಾಡಿ ಬಾಯಿಗೆ ಬಂದಂತೆ ಬೈದೆ. ವಿಚಿತ್ರವೆಂದರೆ ಬೈಗುಳಕ್ಕೆ ಮಾತ್ರ ಪಕ್ಷವಾತ ಬಡಿದಿರಲಿಲ್ಲ.

ನವ್ಯಾ ಹೇಳಿದಳು: "ಕೋಪ ಬಂದ್ರೆ ಸರೀ ಬರ್ತದಲ್ಲ ಅಪ್ಪ. ಪದ ಹುಡುಕ್ಲಿಕ್ಕೆ ಹೋಗ್ಬೇಡಿ, ಸುಮ್ಮನೆ ಹೇಳಿಬಿಡಿ."

ಸುಮಾರು ಸೋತೆವು, ಆಮೇಲೆ ಅಷ್ಟಿಷ್ಟು ಗೆದ್ದೆವು. ಮೂರನೆಯ ಆಟದಲ್ಲಿ ರಾಕ್ಷಸ ಕಾಯಬೇಕೋ ಬೇಡವೋ ಎಂದು ನಾವೇ ಆರಿಸಬಹುದಿತ್ತು. ಮಗಳು ನನ್ನನ್ನು ಕೇಳದೆಯೇ ಕಾಯುವಂತೆ ಮಾಡಿಟ್ಟಳು. ನಾನೂ ಬೇಡವೆನ್ನಲಿಲ್ಲ.

2007ರ ಕೂಟದಲ್ಲಿ ರಾಯಭಾರದ ಪ್ರಸಂಗ. ನಾನು ದೂತ, ಕೃಷ್ಣಾನಂದ ಅರಸ. ಹೊರಡುವಾಗ ನವ್ಯಾ ಮೆಲ್ಲಗೆ ಬಾಯಿಬಿಟ್ಟಳು: "ಕೃಷ್ಣಾನಂದ ಮಾವನಿಗೆ ಹೇಳಿದ್ದೇನೆ. ನೀವು ನಿಂತ್ರೆ ಅವರು ಕಾಯ್ತಾರೆ." ನನಗೆ ಮೈಯೆಲ್ಲ ಉರಿಯಿತು. ಆದರೆ ಒಳಗೊಳಗೆ ಸಮಾಧಾನವೂ ಆಯಿತು, ಸುಳ್ಳೇಕೆ ಹೇಳಲಿ.

ಭಾಗವತರ ಎರಡು ಪದಗಳಿಗೆ ಅರ್ಥ ಹೇಳಿ ದಾಟಿದೆ. ಮೂರನೆಯದರಲ್ಲಿ 'ಸಂಧಿ' ಎನ್ನಬೇಕಾದಲ್ಲಿ ನಾಲಗೆ ನಿಂತುಬಿಟ್ಟಿತು. ಭಾಗವತರು ತಲೆ ತಗ್ಗಿಸಿದರು. ಎದುರು ಕೂತವರ ತುಟಿಗಳು ನನ್ನ ಬದಲಿಗೆ ಅಲುಗತೊಡಗಿದವು. ಆ ಕರುಣೆ ನನಗೆ ಚೆನ್ನಾಗಿ ಗೊತ್ತು. ಎದ್ದು ಹೋಗೋಣವೆನಿಸಿತು.

ಆಗ ಕೃಷ್ಣಾನಂದನ ಗಂಟಲು ಗುಡುಗಿತು: "ಏನು ದೂತ, ಕಳುಹಿಸಲಿಕ್ಕೆ ನಿನ್ನ ಒಡೆಯನಿಗೆ ಬಾಯಿರುವ ಜನವೇ ಸಿಗಲಿಲ್ಲವೋ?"

ಸಭೆ ಬೆಚ್ಚಿತು. ಪರಮೇಶ್ವರಿ ಅರ್ಧ ಎದ್ದೇಬಿಟ್ಟಳು. ನನಗೆ ಪಿತ್ತ ನೆತ್ತಿಗೇರಿತು.

"ಒಡೆಯ ಹೇಳಿಕಳಿಸಿದ್ದು ಎರಡು ಮಾತು, ಅರಸ," ಎಂದೆ. "ಒಂದನ್ನು ಹೇಳಿದೆ. ಇನ್ನೊಂದನ್ನು ಹೇಳಿದರೆ ನೀನು ಸಿಂಹಾಸನದಿಂದ ಬಿದ್ದೀಯೆಂದು ಕನಿಕರಪಟ್ಟು ನಿಲ್ಲಿಸಿದ್ದೆ."

ಸಭೆ ಗೊಳ್ಳೆಂದಿತು. ಆ ಸಂಜೆ ಸಂಧಿ ಎಂಬ ಪದ ಕೊನೆಗೂ ಬರಲಿಲ್ಲ. ಜಗಳ ಮಾತ್ರ ಚೆನ್ನಾಗಿ ಆಯಿತು.

ಮುಗಿದ ಮೇಲೆ ಕಾಫಿ ಕುಡಿಯುತ್ತಿದ್ದ ಕೃಷ್ಣಾನಂದನನ್ನು ನವ್ಯಾ ತರಾಟೆಗೆ ತೆಗೆದುಕೊಂಡಳು. "ಕಾಯ್ತೇನೆ ಹೇಳಿದ್ರಲ್ಲ ಮಾವ?"

ಅವನು ನಿಜವಾಗಿಯೂ ಪೆಚ್ಚಾದ. "ಹೌದು ಮಗಾ, ಹೇಳಿದ್ದೆ. ಎಂತ ಮಾಡುದು, ಅಲ್ಲಿ ಕೂತ ಮೇಲೆ ನಿನ್ನಪ್ಪನಿಗೆ ಸೌಖ್ಯ ಇಲ್ಲ ಹೇಳುದೇ ನಂಗೆ ಮರ್ತುಹೋಯ್ತು."

ಅಷ್ಟು ಕಾಲದಲ್ಲಿ ಅದನ್ನು ಮರೆತ ಮನುಷ್ಯ ಅವನೊಬ್ಬನೇ. ನಾನು ಎಡಗೈಯಿಂದ ಬಲಗೈಯನ್ನು ಎತ್ತಿ ಜೋಡಿಸಿ ಅವನಿಗೆ ಕೈಮುಗಿದೆ.