ತೂತಿಲ್ಲದ ಗುಂಡಿಗಳು

ಮಧ್ಯಾಹ್ನದ ಬಿಸಿಲು ಹೊಲಿಗೆ ಅಂಗಡಿಯ ಹೊಸ್ತಿಲು ದಾಟಿ ಬಂದು ಮೆಷಿನ್ನಿನ ಮೇಲೆ ಮಲಗಿತ್ತು. ಪಕ್ಕದಲ್ಲೇ ನಮ್ಮ ದರ್ಜಿ ತಾತನೂ ತೂಕಡಿಸುತ್ತಿದ್ದರು. ಕನಸಿನಲ್ಲಿ ಕಾಲು ತಾನಾಗಿ ಮೆಷಿನ್ ತುಳಿಯುತ್ತಿತ್ತು, ಬಟ್ಟೆ ನೀರಿನ ಹಾಗೆ ಸರಿಯುತ್ತಿತ್ತು. ಎಚ್ಚರವಾಯಿತು ನೋಡಿ, ಅಯ್ಯಯ್ಯೋ, ಮಂಡಿ ಹಿಡಿದುಕೊಂಡಿತು! ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆ, ಎಲ್ಲವನ್ನೂ ತಾತ ಹೇಗೋ ಸುಧಾರಿಸಿಕೊಂಡಿದ್ದರು. ಆದರೆ ಮೆಷಿನ್ ತುಳಿಯಲಾಗದ ದಿನ ಅವರಿಗೆ ದಿನವೇ ಅಲ್ಲ.

ಪಕ್ಕದ ಮನೆಯ ನರ್ಸಮ್ಮ ಕೋಟಿಗೆ ಗುಂಡಿ ಹಾಕಿಸಲು ಬಂದರು. "ಏಳ್ಬೇಡಿ ತಾತ, ನಾನೇ ಹುಡುಕ್ತೀನಿ" ಎಂದು ಗುಂಡಿ ಡಬ್ಬಿಗೆ ಕೈ ಹಾಕಿದರು. ಬಿಳಿ ಗುಂಡಿಗಳ ನಡುವೆ ನಾಲ್ಕೈದಕ್ಕೆ ತೂತೇ ಇಲ್ಲ!

"ತಾತ, ಇವು ಮಾತ್ರೆ ಅಲ್ವಾ?"

"ಮೆಲ್ಲಗೆ ಮಾತಾಡಮ್ಮ, ಒಳಗೆ ನಮ್ಮವಳಿದ್ದಾಳೆ. ನೋವಿನ ಮಾತ್ರೆ. ಡಾಕ್ಟ್ರು ಬೇಡ ಅಂದಿದ್ರು, ಅದಕ್ಕೇ ಅಲ್ಲಿಟ್ಟಿರೋದು."

"ನೀವು ರಕ್ತ ತೆಳು ಮಾಡೋ ಮಾತ್ರೆ ತಗೋತೀರಿ. ಅದರ ಜೊತೆ ಇದನ್ನ ನುಂಗಿದ್ರೆ ಹೊಟ್ಟೆಯೊಳಗೆ ರಕ್ತ ಸೋರಬಹುದು, ಕಿಡ್ನಿಗೂ ಪೆಟ್ಟು. ಜೀವಕ್ಕೇ ಕುತ್ತು ಬರುತ್ತೆ ತಾತ! ನೋವಿಗೆ ಅಕ್ಯುಪಂಕ್ಚರ್ ಅಂತ ಸೂಜಿ ಚಿಕಿತ್ಸೆ ಇದೆ. ನಿಮಗೆ ಆಗುತ್ತಾ ಅಂತ ಡಾಕ್ಟ್ರನ್ನ ಕೇಳೋಣ."

ತಾತ ನಕ್ಕೇಬಿಟ್ಟರು. "ಐವತ್ತು ವರ್ಷ ಸೂಜಿ ಹಿಡಿದವನಿಗೇ ಸೂಜಿ ಕಥೆ ಹೇಳ್ತೀಯಾ? ಚುಚ್ಚಿದ್ರೆ ನೋವು ಬರುತ್ತೆ ಕಣಮ್ಮ, ಹೋಗಲ್ಲ!"

ಅಜ್ಜಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಬಯ್ಯಲಿಲ್ಲ. "ನೀವಿಲ್ಲದೆ ಈ ಮೆಷಿನ್ ಇಟ್ಕೊಂಡು ನಾನೇನು ಮಾಡ್ಲಿ?" ಎಂದರು, ಅಷ್ಟೇ. ತಾತನ ನಗು ಅಲ್ಲಿಗೇ ನಿಂತಿತು.

ಡಾಕ್ಟರು ಪರೀಕ್ಷೆ ಮಾಡಿ, ತರಬೇತಿಯೂ ಪರವಾನಗಿಯೂ ಇರುವ ಚಿಕಿತ್ಸಕಿಯೊಬ್ಬರ ಬಳಿ ಕಳಿಸಿದರು. ತಾತ ಸುಮ್ಮನೆ ಹೋದರೇ? ಮಂಡಿಯಲ್ಲಿ ನೋವಿದ್ದ ಕಡೆಯೆಲ್ಲ ಹೊಲಿಗೆಯ ಸೀಮೆಸುಣ್ಣದಿಂದ ಗುರುತು ಹಾಕಿಕೊಂಡು ಹೋದರು.

"ಅಳತೆ ತಪ್ಪಬಾರದು ನೋಡಿ!"

ಚಿಕಿತ್ಸಕಿಗೆ ನಗು ತಡೆಯಲಾಗಲಿಲ್ಲ. "ಮಂಡಿ ಆಮೇಲೆ ತಾತ. ಮೊದಲು ಏನೇನು ನುಂಗ್ತೀರಿ, ಅದನ್ನ ಹೇಳಿ."

ತಾತ ಮೂರು ಮಾತ್ರೆ ಹೇಳಿ ತಡವರಿಸಿದರು. ಜೊತೆಗೆ ಬಂದಿದ್ದ ಅಜ್ಜಿಯ ಮುಖ ನೋಡಿದರು. "ನಿನ್ನೆ ಕೂಡ ಗುಂಡಿ ಡಬ್ಬಿಯಿಂದ ಒಂದು ನುಂಗಿದೆ."

"ಹೇಳಿದ್ದು ಒಳ್ಳೇದಾಯ್ತು. ಚುಚ್ಚಿದ್ರೆ ರಕ್ತ ಬೇಗ ನಿಲ್ಲಲ್ಲ, ಇವತ್ತು ಸೂಜಿ ಬೇಡ. ಡಾಕ್ಟ್ರಿಗೂ ಇದನ್ನ ಹೇಳಿ, ಮುಂದಿನ ವಾರ ಬನ್ನಿ."

ಡಾಕ್ಟರು ಒಪ್ಪಿದ ಮೇಲೆ, ಮುಂದಿನ ವಾರ ಚಿಕಿತ್ಸಕಿ ತಾತನ ಎದುರೇ ಹೊಸ ಸೂಜಿಯ ಪೊಟ್ಟಣ ಒಡೆದರು. ಕೂದಲೆಳೆಯಷ್ಟು ಸಣ್ಣ ಸೂಜಿ. "ಇಷ್ಟೇನಾ?" ಎಂದರು ತಾತ. ಕಿಟಕಿಯ ಪರದೆ ಮೆಲ್ಲಗೆ ಏರಿ ಇಳಿಯುತ್ತಿತ್ತು. ಮಂಡಿಯ ಸುತ್ತ ಏನೋ ಹಿತವಾದ ಭಾರ. ಯಾರೋ ಬಿಗಿದ ಹೊಲಿಗೆಯನ್ನು ಒಂದೊಂದೇ ಎಳೆಯಾಗಿ ಬಿಚ್ಚುತ್ತಿದ್ದಾರೆ ಅನ್ನಿಸಿತು. ಮತ್ತೆ ಅದೇ ಕನಸು ಬಂತು, ಬಟ್ಟೆ ಸರಿಯುತ್ತಲೇ ಇತ್ತು. ಅಜ್ಜಿಗೆ ಕೇಳಿಸಿದ್ದು ಮಾತ್ರ ಗೊರಕೆ.

ಒಂದೇ ಸಲಕ್ಕೆ ಪವಾಡವೇನೂ ಆಗಲಿಲ್ಲ. ಏಳೆಂಟು ಸಲ ಹೋದ ಮೇಲೆ ನೋವು ತಗ್ಗಿತು, ಪೂರ್ತಿ ಹೋಗಲಿಲ್ಲ. ಸಕ್ಕರೆ, ಬಿಪಿ, ಹೃದಯದ ಮಾತ್ರೆಗಳು ಒಂದು ದಿನವೂ ತಪ್ಪಲಿಲ್ಲ. ಒಂದು ಬೆಳಗ್ಗೆ ಅಂಗಡಿಯಿಂದ ಮೆಷಿನ್ನಿನ ಸದ್ದು ಕೇಳಿ ಅಜ್ಜಿ ಓಡಿ ಬಂದರು. ತಾತ ಮೂರು ಜೇಬಿನ ಪುಟ್ಟ ಚೀಲ ಹೊಲಿಯುತ್ತಿದ್ದರು.

"ಡಾಕ್ಟ್ರು ಕೊಟ್ಟ ಮಾತ್ರೆಗೆ ಕಣೇ. ನಿನ್ನ ಹತ್ರಾನೇ ಇರಲಿ."

ಅಜ್ಜಿ ಅಷ್ಟಕ್ಕೆ ನಂಬುವವರಲ್ಲ. ಡಬ್ಬಿ ತೆರೆದು ಒಂದೊಂದೇ ಗುಂಡಿಯನ್ನು ಬೆಳಕಿಗೆ ಹಿಡಿದು ನೋಡಿದರು. ಎಲ್ಲಕ್ಕೂ ತೂತಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡರು.

ಅಕ್ಕಂದಿರೇ, ಅಣ್ಣಂದಿರೇ, ಸೂಜಿ ಚಿಕಿತ್ಸೆ ಎಲ್ಲರಿಗೂ ಹೊಂದುತ್ತದೆ ಎಂದು ನಾವು ಹೇಳುವುದಿಲ್ಲ. ಮೊದಲು ಡಾಕ್ಟರನ್ನು ಕೇಳಿ. ತರಬೇತಿ ಪಡೆದವರ ಬಳಿಯೇ ಹೋಗಿ, ಹೊಸ ಸೂಜಿಯನ್ನೇ ಬಳಸುತ್ತಾರಾ ನೋಡಿ. ನುಂಗುವ ಮಾತ್ರೆಗಳನ್ನೆಲ್ಲ ಹೇಳಿ, ಡಾಕ್ಟರು ಕೊಟ್ಟದ್ದನ್ನು ನೀವಾಗಿ ನಿಲ್ಲಿಸಬೇಡಿ. ಇವತ್ತೇ ನಿಮ್ಮ ಮನೆಯ ಹಿರಿಯರ ಪಕ್ಕ ಕೂತು "ಎಲ್ಲಿ ನೋಯುತ್ತೆ?" ಎಂದು ಕೇಳಿ. ಹಾಗೇ ಅವರ ಗುಂಡಿ ಡಬ್ಬಿಯನ್ನೂ ಒಮ್ಮೆ ತೆರೆದು ನೋಡಿ.